ಓದುಗರಿಗೆ ತಕ್ಕಂತೆ ಬದಲಾಗುವ ಹೈಪರ್‌ಟೆಕ್ಸ್ಟ್: ಹಂತ ಹಂತವಾಗಿ ಕಟ್ಟುವ ಬಗೆ

ಒಮ್ಮೆ ತೆರೆದು ನೋಡಿದ ಕೊಂಡಿ ನೀಲಿಯಿಂದ ನೇರಳೆಗೆ ತಿರುಗುವುದನ್ನು ಅಂತರ್ಜಾಲ ಬಳಸುವ ಎಲ್ಲರೂ ಕಂಡಿದ್ದಾರೆ. ಹೊಂದಾಣಿಕೆ ಎನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು. ಬ್ರೌಸರ್ ನಿಮ್ಮ ಬಗ್ಗೆ ಒಂದೇ ಸಂಗತಿಯನ್ನು ನೆನಪಿಟ್ಟುಕೊಂಡಿದೆ: ಈ ಪುಟಕ್ಕೆ ನೀವು ಹೋಗಿ ಬಂದಿದ್ದೀರಿ. ಅಷ್ಟನ್ನು ಬಣ್ಣದಲ್ಲಿ ಹೇಳಿ ಅದು ಸುಮ್ಮನಾಗುತ್ತದೆ. ಕೊಂಡಿಯನ್ನು ಬಚ್ಚಿಡುವುದಿಲ್ಲ, ಅದರ ಜಾಗ ಬದಲಿಸುವುದಿಲ್ಲ, ಮತ್ತೆ ಹೋಗಬೇಡಿ ಎಂದು ತಡೆಯುವುದೂ ಇಲ್ಲ. ಹೈಪರ್‌ಟೆಕ್ಸ್ಟ್ ಎಂದರೆ ಕೊಂಡಿಗಳಿಂದ ಹೆಣೆದ ಪುಟಗಳ ಜಾಲ; ಹೊಂದಿಕೊಳ್ಳುವ ಹೈಪರ್‌ಟೆಕ್ಸ್ಟ್ ಕಟ್ಟಲು ಹೊರಟವರು ಈ ಸೌಜನ್ಯವನ್ನು ಕೊನೆಯವರೆಗೂ ಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮುಂದಿನ ಒಂಬತ್ತು ಹಂತಗಳನ್ನೂ ಅದೇ ದೃಷ್ಟಿಯಿಂದ ಬರೆದಿದ್ದೇನೆ.

ಹಿನ್ನೆಲೆ ಚಿಕ್ಕದು. ಟೆಡ್ ನೆಲ್ಸನ್ 1965ರಲ್ಲಿ ಹೈಪರ್‌ಟೆಕ್ಸ್ಟ್ ಎಂಬ ಪದವನ್ನು ಬಳಕೆಗೆ ತಂದರು. ಓದುಗ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಬಲ್ಲ ಎಂಬುದೇ ಅದರ ಆಕರ್ಷಣೆ. ಆದರೆ ದಾರಿಗಳು ಹೆಚ್ಚಿದಂತೆ ದಿಕ್ಕು ತಪ್ಪುವುದೂ ಹೆಚ್ಚುತ್ತದೆ. ಈ ತೊಂದರೆಯನ್ನು ಜೆಫ್ ಕಾಂಕ್ಲಿನ್ 1987ರಲ್ಲೇ ವಿವರವಾಗಿ ಗುರುತಿಸಿದ್ದರು. ಜೊತೆಗೆ, ಒಂದೇ ಪುಟ ಹೊಸಬನಿಗೆ ಕಬ್ಬಿಣದ ಕಡಲೆಯಾದರೆ ಬಲ್ಲವನಿಗೆ ಚರ್ವಿತಚರ್ವಣ. 1990ರ ದಶಕದಲ್ಲಿ ಈ ಎರಡೂ ತೊಂದರೆಗಳಿಗೆ ಒಟ್ಟಿಗೆ ಉತ್ತರ ಹುಡುಕುವ ಪ್ರಯತ್ನಗಳು ನಡೆದವು. 1996ರಲ್ಲಿ ಪೀಟರ್ ಬ್ರುಸಿಲೋವ್‌ಸ್ಕಿ ಅವನ್ನೆಲ್ಲ ಒಂದೆಡೆ ತಂದು ಎರಡು ಕವಲುಗಳಾಗಿ ವಿಂಗಡಿಸಿದರು. ಪುಟದೊಳಗಿನ ವಿಷಯವನ್ನು ಓದುಗನಿಗೆ ಹೊಂದಿಸುವುದು ಒಂದು, ಪುಟದಿಂದ ಪುಟಕ್ಕೆ ಹೋಗುವ ದಾರಿಯನ್ನು ಹೊಂದಿಸುವುದು ಇನ್ನೊಂದು. ಈ ವಿಂಗಡಣೆ ಈಗಲೂ ಕೆಲಸಕ್ಕೆ ಬರುತ್ತದೆ.

ವಿವರಣೆಗೆ ಒಂದು ಸಣ್ಣ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಗ್ರಹಣಗಳ ಬಗ್ಗೆ ಹನ್ನೆರಡು ಪುಟಗಳ ಹೈಪರ್‌ಟೆಕ್ಸ್ಟ್ ಕಟ್ಟುತ್ತಿದ್ದೇವೆ ಎಂದುಕೊಳ್ಳಿ.

ಹಂತ 1: ಯಾವುದಕ್ಕೆ ಹೊಂದಿಕೊಳ್ಳಬೇಕು ಎಂದು ತೀರ್ಮಾನಿಸಿ

ಓದುಗನ ತಿಳಿವಳಿಕೆ, ಈಗಿನ ಗುರಿ, ಹಿನ್ನೆಲೆ, ಈ ಹೈಪರ್‌ಟೆಕ್ಸ್ಟ್‌ನಲ್ಲಿ ಓಡಾಡಿದ ಅನುಭವ, ಇಷ್ಟಾನಿಷ್ಟ: ಸಾಮಾನ್ಯವಾಗಿ ಪರಿಗಣಿಸುವುದು ಈ ಐದನ್ನು. ಐದಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಕಲಿಸುವ ಪುಟಗಳಾದರೆ ತಿಳಿವಳಿಕೆಯನ್ನು, ಕೈಪಿಡಿ ಅಥವಾ ಸಹಾಯ ಪುಟಗಳಾದರೆ ಗುರಿಯನ್ನು ಹಿಡಿದುಕೊಳ್ಳಿ. ಗ್ರಹಣದ ಪುಟಗಳಿಗೆ ನಾವು ತಿಳಿವಳಿಕೆಯನ್ನು ಮುಖ್ಯವಾಗಿ, ಗುರಿಯನ್ನು ಅಲ್ಪವಾಗಿ ಬಳಸೋಣ.

ಇಲ್ಲಿ ಒಂದು ಎಚ್ಚರಿಕೆ. ಕೆಲವರು ಕಣ್ಣಿನಿಂದ ಕಲಿಯುತ್ತಾರೆ, ಕೆಲವರು ಕಿವಿಯಿಂದ ಕಲಿಯುತ್ತಾರೆ ಎಂದು ಓದುಗರನ್ನು ವಿಂಗಡಿಸಿ ಅದಕ್ಕೆ ತಕ್ಕಂತೆ ಪುಟ ಬದಲಿಸುವ ಆಸೆ ಅನೇಕರಿಗೆ ಬರುತ್ತದೆ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಇಂತಹ ಅಧ್ಯಯನಗಳನ್ನು ಪರಿಶೀಲಿಸಿ, ಕಲಿಕೆಯ ಶೈಲಿಗೆ ತಕ್ಕಂತೆ ಪಾಠ ಬದಲಿಸಿದರೆ ಕಲಿಕೆ ಸುಧಾರಿಸುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದರು. ಆ ಶ್ರಮವನ್ನು ಒಳ್ಳೆಯ ಚಿತ್ರಗಳಿಗೆ ಹಾಕಿ. ಅವು ಎಲ್ಲರಿಗೂ ನೆರವಾಗುತ್ತವೆ.

ಹಂತ 2: ವಿಷಯವನ್ನು ಪರಿಕಲ್ಪನೆಗಳಾಗಿ ಒಡೆಯಿರಿ

ಪುಟಗಳನ್ನು ಬರೆಯುವ ಮೊದಲು ಪರಿಕಲ್ಪನೆಗಳ ಪಟ್ಟಿ ಮಾಡಿ: ಭೂಮಿಯ ಕಕ್ಷೆ, ಚಂದ್ರನ ಕಕ್ಷೆ, ಚಂದ್ರನ ಕಲೆಗಳು (ದಿನದಿನಕ್ಕೆ ಹಿಗ್ಗಿ ಕುಗ್ಗುವ ಆಕಾರ), ದಟ್ಟ ನೆರಳು ಮತ್ತು ಅರೆನೆರಳು, ಕಕ್ಷೆಯ ಓರೆ, ಚಂದ್ರನ ದೂರದ ಏರಿಳಿತ, ಸೂರ್ಯಗ್ರಹಣ, ಚಂದ್ರಗ್ರಹಣ, ಕಂಕಣ ಗ್ರಹಣ. ಒಂದು ಪರಿಕಲ್ಪನೆಯನ್ನು ಒಂದೇ ಪ್ರಶ್ನೆಯಿಂದ ಪರೀಕ್ಷಿಸಲು ಆಗಬೇಕು. ಆಗದಿದ್ದರೆ ಅದನ್ನು ಇನ್ನೂ ಒಡೆಯಬಹುದು ಎಂದರ್ಥ.

ಅನಂತರ ಒಂದು ಹಾಳೆಯ ಮೇಲೆ ಬಾಣಗಳನ್ನು ಎಳೆಯಿರಿ. ಕಂಕಣ ಗ್ರಹಣ ಅರ್ಥವಾಗಬೇಕಾದರೆ ಚಂದ್ರ ಒಮ್ಮೆ ಹತ್ತಿರ, ಒಮ್ಮೆ ದೂರ ಇರುತ್ತಾನೆ ಎಂಬುದು ಗೊತ್ತಿರಬೇಕು. ದೂರ ಇದ್ದಾಗ ಅವನ ಬಿಂಬ ಸೂರ್ಯನ ಬಿಂಬವನ್ನು ಪೂರ್ತಿ ಮುಚ್ಚುವುದಿಲ್ಲ, ಅಂಚು ಬಳೆಯಂತೆ ಉಳಿಯುತ್ತದೆ. ಪ್ರತಿ ಅಮಾವಾಸ್ಯೆಯೂ ಸೂರ್ಯಗ್ರಹಣ ಏಕಾಗುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ, ಚಂದ್ರನ ಕಕ್ಷೆ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆಯಾಗಿದೆ ಎಂಬುದು ಮೊದಲು ಬರಬೇಕು. ಬಾಣ ಎಳೆಯುವಾಗ ಕೈ ಬಿಗಿ ಹಿಡಿಯಿರಿ. "ಇದಿಲ್ಲದೆ ಅದು ಅರ್ಥವಾಗುವುದೇ ಇಲ್ಲ" ಎನ್ನುವಲ್ಲಿ ಮಾತ್ರ ಬಾಣವಿರಲಿ. "ಇದು ಮೊದಲಿದ್ದರೆ ಚೆನ್ನ" ಎನ್ನುವಲ್ಲಿ ಬೇಡ. ಬಾಣಗಳು ಸುತ್ತು ಹಾಕಿ ಹೊರಟಲ್ಲಿಗೇ ಮರಳುತ್ತಿವೆಯೇ ನೋಡಿ. ಮರಳಿದರೆ ಎಲ್ಲಿಂದ ಓದು ಶುರು ಮಾಡಬೇಕೆಂದು ಯಂತ್ರಕ್ಕೂ ತಿಳಿಯದು, ಓದುಗನಿಗೂ ತಿಳಿಯದು.

ಹಂತ 3: ಓದುಗನ ಮಾದರಿ

ಓದುಗನ ಬಗ್ಗೆ ಯಂತ್ರ ಇಟ್ಟುಕೊಳ್ಳುವ ಚಿತ್ರವೇ ಅವನ ಮಾದರಿ. ಅತಿ ಹೆಚ್ಚು ಬಳಕೆಯಲ್ಲಿರುವುದು ಹೊದಿಕೆ ಮಾದರಿ. ಹಂತ 2ರ ನಕ್ಷೆಯ ಮೇಲೆ ಒಂದು ತೆಳು ಹಾಳೆಯನ್ನು ಹೊದಿಸಿ, ಪ್ರತಿ ಪರಿಕಲ್ಪನೆಯ ಮೇಲೆ ಓದುಗನಿಗೆ ಅದು ಎಷ್ಟು ಗೊತ್ತು ಎಂದು 0ಯಿಂದ 1ರವರೆಗಿನ ಒಂದು ಸಂಖ್ಯೆಯನ್ನು ಬರೆದಂತೆ. ಪ್ರತಿ ಓದುಗನಿಗೂ ಒಂದೊಂದು ಹಾಳೆ.

ಹೊಸಬ ಬಂದಾಗ ಹಾಳೆ ಖಾಲಿ. ಆಗ ಸಹಾಯಕ್ಕೆ ಬರುವುದು ಅಚ್ಚುಗಳು. "ಆರಂಭಿಕ", "ವಿಜ್ಞಾನ ಓದಿದವರು" ಎಂದು ಎರಡು ಅಚ್ಚು ಮಾಡಿ, ಮೊದಲ ಭೇಟಿಯಲ್ಲಿ ಒಂದೆರಡು ಪ್ರಶ್ನೆ ಕೇಳಿ ತಕ್ಕ ಅಚ್ಚಿನ ಸಂಖ್ಯೆಗಳಿಂದ ಹಾಳೆ ತುಂಬಬಹುದು. ಇಲೇನ್ ರಿಚ್ 1979ರಲ್ಲಿ ಪ್ರಕಟಿಸಿದ ಗ್ರಂಡಿ ಎಂಬ ವ್ಯವಸ್ಥೆ ಹೀಗೆಯೇ ಅಚ್ಚುಗಳನ್ನು ಬಳಸಿ ಓದುಗರಿಗೆ ಕಾದಂಬರಿಗಳನ್ನು ಸೂಚಿಸುತ್ತಿತ್ತು. ಅಚ್ಚು ಆರಂಭದ ಊಹೆ ಮಾತ್ರ. ಓದುಗನ ಬಗ್ಗೆ ನಿಜವಾದ ಸುಳಿವು ಸಿಕ್ಕ ಕೂಡಲೇ ಅದು ಹಿಂದೆ ಸರಿಯಬೇಕು.

ಹೊದಿಕೆ ಮಾದರಿಗೆ ಒಂದು ದೊಡ್ಡ ಕೊರತೆಯಿದೆ. ಓದುಗನಿಗೆ ಏನು ಗೊತ್ತಿಲ್ಲ ಎಂಬುದನ್ನು ಅದು ಹೇಳುತ್ತದೆ, ಏನನ್ನು ತಪ್ಪಾಗಿ ತಿಳಿದಿದ್ದಾನೆ ಎಂಬುದನ್ನು ಹೇಳಲಾರದು. ಚಂದ್ರನ ಕಲೆಗಳಿಗೆ ಭೂಮಿಯ ನೆರಳೇ ಕಾರಣ ಎಂದು ನಂಬಿದವರು ಬಹಳ ಮಂದಿ. ಅವರ ಹಾಳೆಯಲ್ಲಿ "ಕಲೆಗಳು: 0.2" ಎಂದು ಬರೆದರೆ ಅದು ಅರ್ಧ ಸತ್ಯ. ಅವರಿಗೆ ತಿಳಿವಳಿಕೆ ಇಲ್ಲದಿರುವುದಲ್ಲ, ಬೇರೊಂದು ವಿವರಣೆ ತಲೆಯಲ್ಲಿ ಬೇರೂರಿದೆ. ಇಂತಹ ಎರಡು ಮೂರು ಮುಖ್ಯ ತಪ್ಪು ಕಲ್ಪನೆಗಳಿಗೆ ಹಾಳೆಯಲ್ಲಿ ಪ್ರತ್ಯೇಕ ಮನೆಗಳನ್ನು ಮಾಡಿಡಿ. ಮುಂದೆ ಪಠ್ಯ ಬದಲಿಸುವಾಗ ಇವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಹಂತ 4: ಸಂಖ್ಯೆಯನ್ನು ಬದಲಿಸುವ ಸಾಕ್ಷ್ಯ

ಪುಟ ತೆರೆದದ್ದು ದುರ್ಬಲ ಸಾಕ್ಷ್ಯ. ಪುಟದ ಮೇಲೆ ಕಳೆದ ಹೊತ್ತು ಅದಕ್ಕಿಂತ ಸ್ವಲ್ಪ ಮೇಲು, ಅಷ್ಟೇ. ಪುಟ ತೆರೆದಿಟ್ಟು ಎದ್ದು ಹೋದವನ ಇಪ್ಪತ್ತು ನಿಮಿಷವನ್ನು ಆಳವಾದ ಓದು ಎಂದು ಎಣಿಸಿದರೆ ಲೆಕ್ಕ ಕೆಡುತ್ತದೆ. ಹಾಗಾಗಿ ಕೆಲವೇ ಸೆಕೆಂಡುಗಳ ಭೇಟಿಯನ್ನು ಎಣಿಸಬೇಡಿ, ದೀರ್ಘ ಹೊತ್ತಿಗೊಂದು ಮಿತಿ ಹಾಕಿ. ನಂಬಬಹುದಾದ ಸಾಕ್ಷ್ಯ ಎಂದರೆ ಪ್ರಶ್ನೆಗೆ ಕೊಟ್ಟ ಉತ್ತರ. ಅದನ್ನೂ ಕಣ್ಣು ಮುಚ್ಚಿ ನಂಬಬಾರದು, ಏಕೆಂದರೆ ಗೊತ್ತಿಲ್ಲದವರು ಊಹಿಸಿ ಸರಿ ಹೇಳಬಹುದು, ಗೊತ್ತಿರುವವರು ಕೈತಪ್ಪಿ ತಪ್ಪು ಹೇಳಬಹುದು.

ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ 1990ರ ದಶಕದ ಮಧ್ಯದಲ್ಲಿ ಮುಂದಿಟ್ಟ ತಿಳಿವಳಿಕೆಯ ಜಾಡು ಹಿಡಿಯುವ ವಿಧಾನ ಇದಕ್ಕೆಂದೇ ಇದೆ. ಅದರಲ್ಲಿ ನಾಲ್ಕು ಸಂಖ್ಯೆಗಳು: ಮೊದಲೇ ಗೊತ್ತಿರುವ ಸಂಭವ, ಒಂದು ಪ್ರಯತ್ನದಲ್ಲಿ ಕಲಿತುಬಿಡುವ ಸಂಭವ, ಊಹೆಯ ಸಂಭವ, ಕೈತಪ್ಪಿನ ಸಂಭವ. ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡೋಣ.

"ಕಕ್ಷೆಯ ಓರೆ" ಎಂಬ ಪರಿಕಲ್ಪನೆ ಒಬ್ಬಳು ಓದುಗಿಗೆ ಗೊತ್ತಿರುವ ಸಂಭವ 0.3 ಎಂದಿಟ್ಟುಕೊಳ್ಳಿ. ಪ್ರಶ್ನೆಗೆ ನಾಲ್ಕು ಆಯ್ಕೆಗಳಿವೆ, ಆದ್ದರಿಂದ ಊಹೆ 0.25. ಕೈತಪ್ಪು 0.1, ಕಲಿಕೆ 0.1. ಅವಳು ಸರಿಯುತ್ತರ ಕೊಟ್ಟಳು. ಗೊತ್ತಿದ್ದು ಸರಿ ಹೇಳಿದ ಪಾಲು 0.3 × 0.9, ಅಂದರೆ 0.27. ಗೊತ್ತಿಲ್ಲದೆ ಊಹಿಸಿದ ಪಾಲು 0.7 × 0.25, ಅಂದರೆ 0.175. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸುಮಾರು 0.61. ಉಳಿದ 0.39ರ ಹತ್ತನೇ ಒಂದು ಭಾಗವನ್ನು ಕಲಿಕೆಯ ಲೆಕ್ಕಕ್ಕೆ ಸೇರಿಸಿದರೆ 0.65. ಎರಡನೆಯ ಸರಿಯುತ್ತರಕ್ಕೆ ಅದು 0.88 ಆಗುತ್ತದೆ, ಮೂರನೆಯದಕ್ಕೆ 0.97. ಆದರೆ ಮೊದಲ ಸರಿಯುತ್ತರದ ಬೆನ್ನಿಗೇ ಅವಳು ಒಂದು ತಪ್ಪು ಮಾಡಿದ್ದರೆ ಸಂಖ್ಯೆ 0.28ಕ್ಕೆ ಇಳಿಯುತ್ತಿತ್ತು, ಶುರು ಮಾಡಿದ ಕಡೆಗಿಂತಲೂ ತುಸು ಕೆಳಗೆ. ಒಂದೇ ಉತ್ತರದ ಮೇಲೆ ತೀರ್ಪು ಕೊಡಬಾರದು ಎಂದು ಬಾಯಲ್ಲಿ ಹೇಳುವುದಕ್ಕಿಂತ ಈ ಲೆಕ್ಕ ಚೆನ್ನಾಗಿ ಮನಗಾಣಿಸುತ್ತದೆ. ಕಲಿತಿದ್ದಾಳೆ ಎನ್ನಲು 0.95ರ ಗೆರೆಯನ್ನು ಇಟ್ಟುಕೊಳ್ಳುವುದು ರೂಢಿ.

ಈ ಮೂಲ ವಿಧಾನದಲ್ಲಿ ಮರೆವಿಗೆ ಜಾಗವಿಲ್ಲ. ತಿಂಗಳುಗಟ್ಟಲೆ ಬಾರದಿದ್ದವಳು ಮರಳಿ ಬಂದಾಗ ಸಂಖ್ಯೆಗಳನ್ನು ನೀವೇ ತುಸು ಇಳಿಸಿ.

ಹಂತ 5: ನಿಯಮಗಳು

ಮಾದರಿಯನ್ನೂ ಪುಟವನ್ನೂ ಬೆಸೆಯುವುದು ನಿಯಮಗಳು. ಒಂದು ಘಟನೆ, ಒಂದು ಷರತ್ತು, ಒಂದು ಕ್ರಿಯೆ. "ಓದುಗ ಕಂಕಣ ಗ್ರಹಣದ ಪುಟ ತೆರೆದಾಗ, ಚಂದ್ರನ ದೂರದ ತಿಳಿವಳಿಕೆ 0.5ಕ್ಕಿಂತ ಕಡಿಮೆಯಿದ್ದರೆ, ಪುಟದ ಮೇಲ್ಭಾಗದಲ್ಲಿ ಎರಡು ವಾಕ್ಯದ ನೆನಪೋಲೆಯನ್ನು ಸೇರಿಸು." ನಿಯಮವನ್ನು ಹೀಗೆ ಮೊದಲು ಮಾತಿನಲ್ಲಿ ಬರೆದು, ಓದಿ ಒಪ್ಪಿಗೆಯಾದ ಮೇಲೆ ಪ್ರೋಗ್ರಾಂ ಸಂಕೇತಕ್ಕೆ ಇಳಿಸಿ.

ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಪಾಲ್ ಡೆ ಬ್ರಾ ಮತ್ತು ಸಂಗಡಿಗರು ಕಟ್ಟಿದ ಆಹಾ ಎಂಬ ವ್ಯವಸ್ಥೆ ಇದೇ ಜಾಡಿನದು. ಒಂದು ಪುಟದ ತಿಳಿವಳಿಕೆ ಏರಿದರೆ ಅದು ಸೇರಿರುವ ಅಧ್ಯಾಯದ ತಿಳಿವಳಿಕೆಯೂ ಏರುತ್ತದೆ. ಒಂದು ನಿಯಮ ಇನ್ನೊಂದನ್ನು ಎಬ್ಬಿಸಿ, ಅದು ಮೊದಲನೆಯದನ್ನೇ ಮತ್ತೆ ಎಬ್ಬಿಸಿದರೆ ಸರಪಳಿ ನಿಲ್ಲುವುದಿಲ್ಲ ಎಂಬ ಅಪಾಯ ಇಂತಹ ವ್ಯವಸ್ಥೆಗಳಿಗೆ ಸದಾ ಇದೆ. ಬದಲಾವಣೆ ಪುಟದಿಂದ ಅಧ್ಯಾಯಕ್ಕೆ ಮಾತ್ರ ಹರಿಯಲಿ, ಅಧ್ಯಾಯದಿಂದ ಕೆಳಗಿಳಿಯದಿರಲಿ.

ಹಂತ 6: ಪುಟದೊಳಗಿನ ಪಠ್ಯ

ಪುಟವನ್ನು ತುಣುಕುಗಳಾಗಿ ಬರೆಯಿರಿ. ಕೆಲವು ತುಣುಕುಗಳು ಎಲ್ಲರಿಗೂ, ಕೆಲವು ಷರತ್ತಿನ ಮೇಲೆ. ತಪ್ಪು ಕಲ್ಪನೆಯ ಮನೆಯಲ್ಲಿ ಗುರುತಿರುವ ಓದುಗನಿಗೆ ಕಲೆಗಳ ಪುಟ "ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಚಂದ್ರಗ್ರಹಣದಲ್ಲಿ ಮಾತ್ರ" ಎಂದೇ ಶುರುವಾಗಲಿ. ಉಳಿದವರಿಗೆ ಆ ಸಾಲು ಮುಖ್ಯವಲ್ಲ.

ತುಣುಕುಗಳನ್ನು ಸೇರಿಸಿ ತೆಗೆಯುವಾಗ ಭಾಷೆಯ ಕಡೆ ಗಮನವಿಡಿ. ಒಂದು ತುಣುಕಿನಲ್ಲಿ "ಮೇಲೆ ಹೇಳಿದಂತೆ" ಎಂದಿದ್ದು, ಮೇಲಿನ ತುಣುಕು ಈ ಓದುಗನಿಗೆ ಕಾಣಿಸದೆ ಹೋದರೆ ಓದು ಮುಗ್ಗರಿಸುತ್ತದೆ. ಪ್ರತಿ ಷರತ್ತಿನ ತುಣುಕೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. "ಅದು", "ಇವನು", "ಆದ್ದರಿಂದ" ಇವುಗಳಿಂದ ತುಣುಕನ್ನು ಆರಂಭಿಸಬೇಡಿ.

ನನಗೆ ಬಹಳ ಇಷ್ಟವಾದ ಉಪಾಯ ಹಿಗ್ಗುವ ಪಠ್ಯ. ನೆಲ್ಸನ್ 1960ರ ದಶಕದಲ್ಲೇ ಇದನ್ನು ಕಲ್ಪಿಸಿದ್ದರು. ಕ್ರೇಗ್ ಬಾಯ್ಲ್ ಮತ್ತು ಆಂಟೋನಿಯೊ ಎನ್ಕಾರ್ನಸಿಯಾನ್ ತಮ್ಮ ಮೆಟಾಡಾಕ್ ವ್ಯವಸ್ಥೆಯಲ್ಲಿ ಅದಕ್ಕೆ ಹೊಂದಾಣಿಕೆಯನ್ನು ಸೇರಿಸಿದರು. ವಿವರಣೆ ಇರುತ್ತದೆ, ಆದರೆ ಬಲ್ಲವನಿಗೆ ಮಡಚಿಕೊಂಡಿರುತ್ತದೆ, ಹೊಸಬನಿಗೆ ಬಿಚ್ಚಿಕೊಂಡಿರುತ್ತದೆ. ಇಬ್ಬರೂ ಒಂದು ಒತ್ತಿನಲ್ಲಿ ಅದನ್ನು ಬದಲಿಸಬಹುದು. ಯಂತ್ರದ ಊಹೆ ತಪ್ಪಿದರೂ ನಷ್ಟ ಒಂದು ಒತ್ತು ಮಾತ್ರ. ಜೊತೆಗೆ, ಮಡಚಿದ್ದನ್ನು ಓದುಗ ಬಿಚ್ಚಿದನೆಂದರೆ ಆ ವಿಷಯ ಅವನಿಗೆ ಅಷ್ಟು ಗೊತ್ತಿಲ್ಲ ಎಂಬ ಹೊಸ ಸುಳಿವೂ ಸಿಕ್ಕಿತು.

ಹಂತ 7: ಕೊಂಡಿಗಳು

ಈ ಕೆಲಸದಲ್ಲಿ ಅತಿ ಹೆಚ್ಚು ಯೋಚಿಸಬೇಕಾದ ಹಂತ ಇದು. ಕೈಯಲ್ಲಿರುವ ಉಪಾಯಗಳನ್ನು ಒಂದೊಂದಾಗಿ ನೋಡಿ.

ನೇರವಾಗಿ ಕೈಹಿಡಿದು ನಡೆಸುವುದು: ಪುಟದ ಕೊನೆಯಲ್ಲಿ ಒಂದು "ಮುಂದೆ" ಗುಂಡಿ, ಅದು ಎಲ್ಲಿಗೆ ಕೊಂಡೊಯ್ಯಬೇಕೆಂದು ಯಂತ್ರ ತೀರ್ಮಾನಿಸುತ್ತದೆ. ದಿಕ್ಕು ತೋಚದವರಿಗೆ ಇದು ನಿಜವಾದ ಆಸರೆ. ಆದರೆ ಅದೊಂದೇ ದಾರಿಯಾಗಿರಬಾರದು, ಉಳಿದ ಕೊಂಡಿಗಳೂ ಇರಲಿ.

ಕೊಂಡಿಗಳ ಕ್ರಮ ಬದಲಿಸುವುದು: ಹೆಚ್ಚು ಪ್ರಸ್ತುತವಾದದ್ದು ಮೇಲೆ. ಹುಡುಕಾಟದ ಫಲಿತಾಂಶಗಳಿಗೆ, ಸುದ್ದಿಗಳಿಗೆ ಇದು ಸರಿ. ಮತ್ತೆ ಮತ್ತೆ ನೋಡುವ ಪರಿವಿಡಿಗೆ ಖಂಡಿತ ಬೇಡ. ಓದುಗರು ಹೆಸರನ್ನಷ್ಟೇ ಅಲ್ಲ, ಜಾಗವನ್ನೂ ನೆನಪಿಡುತ್ತಾರೆ. ನಿನ್ನೆ ಮೂರನೆಯ ಸಾಲಿನಲ್ಲಿದ್ದ ಚಂದ್ರಗ್ರಹಣ ಇಂದು ಏಳನೆಯ ಸಾಲಿನಲ್ಲಿದ್ದರೆ, ನಿಮ್ಮ ಸಹಾಯವೇ ಅವರ ದಾರಿ ತಪ್ಪಿಸಿತು.

ಬಚ್ಚಿಡುವುದು: ಇನ್ನೂ ಸಿದ್ಧವಿಲ್ಲದ ಪುಟಗಳ ಕೊಂಡಿಯನ್ನು ತೋರಿಸದಿರುವುದು. ತೀರಾ ಹೊಸಬರಿಗೆ, ನೂರಾರು ಪುಟಗಳ ನಡುವೆ, ಇದರಿಂದ ಹೊರೆ ಕಡಿಮೆಯಾಗುವುದು ನಿಜ. ಆದರೆ ಓದುಗನಿಗೆ ವಿಷಯದ ವಿಸ್ತಾರವೇ ಕಾಣದೆ ಹೋಗುತ್ತದೆ. ಕಂಕಣ ಗ್ರಹಣ ಎಂಬುದೊಂದಿದೆ ಎಂದು ಗೊತ್ತಾಗದವನು ಅದನ್ನು ಕೇಳುವುದಾದರೂ ಹೇಗೆ? ಬಚ್ಚಿಡಲೇಬೇಕಾದರೆ ಒಂದು ನಿಯಮ ಪಾಲಿಸಿ: ಒಮ್ಮೆ ತೋರಿಸಿದ ಕೊಂಡಿಯನ್ನು ಮತ್ತೆ ಮರೆಮಾಡಬೇಡಿ. ಕಲಿತಂತೆ ಹೊಸ ಕೊಂಡಿಗಳು ಮೂಡುವುದನ್ನು ಓದುಗರು ಒಪ್ಪುತ್ತಾರೆ. ಇದ್ದದ್ದು ಮಾಯವಾದರೆ ನಂಬಿಕೆ ಕಳೆದುಕೊಳ್ಳುತ್ತಾರೆ.

ಗುರುತು ಹಚ್ಚುವುದು: ಕೊಂಡಿ ಇದ್ದಲ್ಲೇ ಇರುತ್ತದೆ, ಪಕ್ಕದಲ್ಲೊಂದು ಸೂಚನೆ. ನಾನು ಬೇರೆಲ್ಲಕ್ಕಿಂತ ಮೊದಲು ಆರಿಸಿಕೊಳ್ಳುವುದು ಇದನ್ನೇ. ಟ್ರಿಯರ್ ವಿಶ್ವವಿದ್ಯಾಲಯದಲ್ಲಿ ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸಲು ಕಟ್ಟಿದ ಎಲ್ಮ್-ಆರ್ಟ್ ವ್ಯವಸ್ಥೆ ಸಂಚಾರ ದೀಪದ ರೂಪಕವನ್ನು ಬಳಸಿತು: ಹಸಿರು ಚುಕ್ಕೆ ಇದ್ದರೆ ಈ ಪುಟಕ್ಕೆ ನೀವು ಸಿದ್ಧ, ಕೆಂಪಿದ್ದರೆ ಪೂರ್ವಜ್ಞಾನ ಇನ್ನೂ ಬೇಕು. ಕೆಂಪಿದ್ದರೂ ಒಳಗೆ ಹೋಗಬಹುದು. ಆಹಾ ವ್ಯವಸ್ಥೆ ಕೊಂಡಿಯ ಬಣ್ಣವನ್ನೇ ಬಳಸಿಕೊಂಡಿತು: ಸೂಕ್ತವಾದ ಹೊಸ ಪುಟ ನೀಲಿ, ಸೂಕ್ತವಾದರೂ ಈಗಾಗಲೇ ನೋಡಿದ್ದು ನೇರಳೆ, ಇನ್ನೂ ಸೂಕ್ತವಲ್ಲದ್ದು ಕಪ್ಪು. ಕಪ್ಪು ಕೊಂಡಿ ಸುತ್ತಲಿನ ಅಕ್ಷರಗಳಲ್ಲಿ ಬೆರೆತು ಕಣ್ಣಿಗೆ ಬೀಳುವುದಿಲ್ಲ, ಆದರೆ ಒತ್ತಿದರೆ ಕೆಲಸ ಮಾಡುತ್ತದೆ. ಬಚ್ಚಿಡುವುದಕ್ಕೂ ಗುರುತಿಗೂ ನಡುವಿನ ಜಾಣ ದಾರಿ ಅದು.

ನಮ್ಮ ಗ್ರಹಣದ ಪರಿವಿಡಿಗೆ ಮೂರು ಗುರುತು ಸಾಕು: ಓದಿ ಮುಗಿದದ್ದು, ಈಗ ಓದಬಹುದಾದದ್ದು, ಮೊದಲು ಬೇರೇನೋ ಬೇಕಾದದ್ದು. ಬಣ್ಣವೊಂದನ್ನೇ ನೆಚ್ಚಿಕೊಳ್ಳಬೇಡಿ. ಕೆಂಪು-ಹಸಿರಿನ ವ್ಯತ್ಯಾಸ ಕಾಣದವರಿದ್ದಾರೆ, ತೆರೆಯನ್ನು ಧ್ವನಿಯಲ್ಲಿ ಓದಿಸಿಕೊಳ್ಳುವವರಿದ್ದಾರೆ. ತುಂಬಿದ ವೃತ್ತ, ಖಾಲಿ ವೃತ್ತ, ಸರಿಗುರುತು ಹೀಗೆ ಆಕಾರವೂ ಬೇರೆಯಿರಲಿ, ಓದಿ ಹೇಳುವ ತಂತ್ರಾಂಶಕ್ಕೆ ಪದಗಳೂ ಇರಲಿ. ಮೂರನೆಯ ಗುರುತನ್ನು ಮುಟ್ಟಿದಾಗ ಕಾರಣ ಕಾಣಲಿ: "ಮೊದಲು ಚಂದ್ರನ ದೂರದ ಪುಟ ಓದಿದರೆ ಇದು ಸುಲಭವಾಗುತ್ತದೆ", ಜೊತೆಗೆ ಆ ಪುಟಕ್ಕೆ ಕೊಂಡಿ.

ಹೊಸ ಕೊಂಡಿಗಳನ್ನು ಸೃಷ್ಟಿಸುವುದೂ ಒಂದು ಉಪಾಯ. ಇದನ್ನು ಓದಿದವರು ಅದನ್ನೂ ಓದಿದರು ಎಂಬ ಬಗೆಯ ಶಿಫಾರಸುಗಳೆಲ್ಲ ಈ ಗುಂಪಿಗೆ ಸೇರುತ್ತವೆ. ಬಹಳ ಓದುಗರು, ಬಹಳ ಪುಟಗಳು ಇಲ್ಲದಿದ್ದರೆ ಇದಕ್ಕೆ ಬಲ ಬರುವುದಿಲ್ಲ. ಹನ್ನೆರಡು ಪುಟಕ್ಕೆ ಬೇಡವೇ ಬೇಡ.

ಹಂತ 8: ಮಾದರಿಯನ್ನು ಓದುಗನ ಮುಂದಿಡಿ

ಸಿಡ್ನಿ ವಿಶ್ವವಿದ್ಯಾಲಯದ ಜೂಡಿ ಕೇ ಬಹುಕಾಲದಿಂದ ಒತ್ತಿ ಹೇಳುತ್ತ ಬಂದಿರುವ ಮಾತು: ಓದುಗನ ಬಗ್ಗೆ ಯಂತ್ರ ಏನೆಂದುಕೊಂಡಿದೆ ಎಂಬುದನ್ನು ಅವನೇ ನೋಡಲು, ಪ್ರಶ್ನಿಸಲು ಆಗಬೇಕು. ಒಂದು ಪುಟ ಮಾಡಿ. ಪ್ರತಿ ಪರಿಕಲ್ಪನೆಯ ಎದುರು ತಿಳಿವಳಿಕೆಯ ಮಟ್ಟ ತೋರುವ ಒಂದು ಪಟ್ಟಿ, ಅದರ ಕೆಳಗೆ ಕಾರಣ: "ಎರಡು ಪ್ರಶ್ನೆಗೆ ಸರಿಯುತ್ತರ ಕೊಟ್ಟಿದ್ದೀರಿ." ಪಕ್ಕದಲ್ಲಿ "ಇದು ನನಗೆ ಗೊತ್ತು", "ಇದು ನನಗೆ ಗೊತ್ತಿಲ್ಲ" ಎಂಬ ಎರಡು ಗುಂಡಿ. ಓದುಗನ ಮಾತನ್ನು ಯಂತ್ರದ ಊಹೆಗಿಂತ ಮೇಲೆ ಇಡಿ. ಇಡೀ ಹಾಳೆಯನ್ನು ಅಳಿಸುವ ಗುಂಡಿಯೂ ಅಲ್ಲೇ ಇರಲಿ.

ನೇರಳೆ ಕೊಂಡಿಗೂ ಒಂದು ಕಹಿ ಕಥೆಯಿದೆ. ಕೊಂಡಿಯ ಬಣ್ಣ ಯಾವುದೆಂದು ಪುಟದೊಳಗಿನ ಪ್ರೋಗ್ರಾಂ ಸಂಕೇತ ಬ್ರೌಸರನ್ನು ಕೇಳಬಹುದಾಗಿದ್ದ ಕಾಲದಲ್ಲಿ, ನೀವು ಬೇರೆ ಯಾವ ತಾಣಗಳಿಗೆ ಹೋಗಿದ್ದೀರಿ ಎಂದು ಯಾವ ತಾಣ ಬೇಕಾದರೂ ಪತ್ತೆ ಹಚ್ಚಬಹುದಿತ್ತು. 2010ರ ಸುಮಾರಿಗೆ ಬ್ರೌಸರ್‌ಗಳು ಆ ಕಿಂಡಿಯನ್ನು ಮುಚ್ಚತೊಡಗಿದವು. ಒಂದು ಬಣ್ಣದಿಂದಲೇ ಇಷ್ಟು ಸೋರುವುದಾದರೆ, ಒಬ್ಬನಿಗೆ ಏನೇನು ಗೊತ್ತಿಲ್ಲ ಎಂಬ ಪಟ್ಟಿಯನ್ನು ಎಷ್ಟು ಜೋಪಾನ ಮಾಡಬೇಕು ಯೋಚಿಸಿ. ಸಾಧ್ಯವಾದರೆ ಹಾಳೆಯನ್ನು ಓದುಗನ ಸಾಧನದಲ್ಲೇ ಉಳಿಸಿ. ಸರ್ವರ್‌ಗೆ ತರಲೇಬೇಕಾದರೆ ಸಂಖ್ಯೆಗಳು ಸಾಕು, ಪ್ರತಿ ಒತ್ತಿನ ದಾಖಲೆ ಬೇಡ. ಮುಂದಿನ ಹಂತದ ಪರೀಕ್ಷೆಗೆ ಬೇಕಾದ ದಾಖಲೆಯನ್ನು ಒಪ್ಪಿಗೆ ಕೊಟ್ಟವರಿಂದ ಮಾತ್ರ ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಅಳಿಸಿ.

ಹಂತ 9: ಪದರ ಪದರವಾಗಿ ಪರೀಕ್ಷಿಸಿ

ಹೊಂದಾಣಿಕೆ ಇರುವ, ಇಲ್ಲದ ಎರಡು ಆವೃತ್ತಿಗಳನ್ನು ಓದಲು ಕೊಟ್ಟು ಅಂಕ ಹೋಲಿಸುವುದು ಎಲ್ಲರಿಗೂ ತೋಚುವ ದಾರಿ. ಅಂಕದಲ್ಲಿ ವ್ಯತ್ಯಾಸ ಕಾಣದಿದ್ದರೆ ತಪ್ಪು ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಯಂತ್ರ ಓದುಗನನ್ನು ತಪ್ಪಾಗಿ ಅಳೆಯಿತೇ, ಅಥವಾ ಸರಿಯಾಗಿ ಅಳೆದು ತಪ್ಪು ಸಲಹೆ ಕೊಟ್ಟಿತೇ? ಆದ್ದರಿಂದ ಮೊದಲು ಮಾದರಿಯನ್ನು ಮಾತ್ರ ಪರೀಕ್ಷಿಸಿ: ಐದಾರು ಓದುಗರನ್ನು ಕೂರಿಸಿ, ಹಾಳೆಯ ಸಂಖ್ಯೆಗಳನ್ನು ಬದಿಗಿಟ್ಟು, ಪ್ರತಿ ಪರಿಕಲ್ಪನೆಯನ್ನು ಅವರ ಬಾಯಿಂದಲೇ ವಿವರಿಸಲು ಹೇಳಿ. ಅನಂತರ ಹಾಳೆಯನ್ನು ತೆರೆದು ಎರಡನ್ನೂ ತಾಳೆ ನೋಡಿ. ಮಾದರಿ ಸರಿಯೆಂದು ಕಂಡ ಮೇಲಷ್ಟೇ ಸಲಹೆಗಳ ಪರೀಕ್ಷೆಗೆ ಇಳಿಯಿರಿ. ಹೋಲಿಕೆಯ ಆವೃತ್ತಿಯನ್ನೂ ಅಚ್ಚುಕಟ್ಟಾಗಿ ಬರೆಯಿರಿ. ಕುಂಟುವವನ ಜೊತೆ ಓಡಿ ಗೆದ್ದರೆ ಏನೂ ತಿಳಿಯದು.

ದಾಖಲೆಯಲ್ಲಿ ನಾನು ಮೊದಲು ಹುಡುಕುವುದು "ಮೊದಲು ಬೇರೇನೋ ಬೇಕು" ಎಂಬ ಗುರುತಿದ್ದರೂ ಆ ಕೊಂಡಿಯನ್ನು ಒತ್ತಿ ಒಳಹೊಕ್ಕವರನ್ನು. ಅವರು ಅಲ್ಲಿಂದ ಕೂಡಲೇ ಹಿಂದಿರುಗಿದ್ದರೆ ಗುರುತು ಸರಿಯಾಗಿತ್ತು. ಆದರೆ ಕಲೆಗಳ ಪುಟವನ್ನು ಓದದೆಯೇ ಚಂದ್ರಗ್ರಹಣಕ್ಕೆ ನುಗ್ಗಿದ ಹತ್ತು ಮಂದಿಯಲ್ಲಿ ಎಂಟು ಮಂದಿ ಅಲ್ಲಿನ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟಿದ್ದರೆ, ಹಂತ 2ರ ಹಾಳೆಯನ್ನು ಮತ್ತೆ ಹೊರತೆಗೆದು ಆ ಎರಡರ ನಡುವಿನ ಬಾಣವನ್ನು ಅಳಿಸಿ.